ಗಿಡದ ತುಂಬಾ ಎಲೆ, ಮಲ್ಲಿಗೆ ಮಾತ್ರ ಇಲ್ಲ: ಯುಗಾದಿ ಹೊತ್ತಿಗೆ ಕುಂಡದಲ್ಲಿ ಹೂ ತರಿಸುವ ಬಗೆ

"ಮಲ್ಲಿಗೆ ಗಿಡ ತಂದು ಎರಡು ವರ್ಷ ಆಯ್ತು. ಸೊಂಪಾಗಿ ಬೆಳೆದಿದೆ. ಆದರೆ ಹೂವೇ ಬಿಡಲ್ಲ. ಏನು ಗೊಬ್ಬರ ಹಾಕಲಿ?"

ಸಂಕ್ರಾಂತಿ ಬಂತು ಅಂದರೆ ಓದುಗರಿಂದ ಈ ಪ್ರಶ್ನೆ ಶುರುವಾಗುತ್ತದೆ, ವೈಶಾಖದವರೆಗೂ ನಿಲ್ಲುವುದಿಲ್ಲ. ಬಿಡಿಬಿಡಿಯಾಗಿ ಉತ್ತರ ಬರೆದರೆ ಏನಾದರೊಂದು ಬಿಟ್ಟುಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಕೊಂಬೆ ಎಷ್ಟೇ ದಪ್ಪ ಇರಲಿ, ಹೊಸದಾಗಿ ಚಿಗುರದಿದ್ದರೆ ಹೂವಿಲ್ಲ. ಆದ್ದರಿಂದ ಗೊಬ್ಬರದ ಚೀಲ ಹುಡುಕುವ ಮೊದಲು ಕತ್ತರಿ ಹುಡುಕಿ. ಕತ್ತರಿ, ಬಿಸಿಲು, ನೀರು, ಗೊಬ್ಬರ. ಈ ನಾಲ್ಕನ್ನೂ ಸರಿಯಾಗಿ ನೋಡಿಕೊಂಡರೆ ಬಾಲ್ಕನಿಯ ಒಂದೇ ಕುಂಡದಲ್ಲೂ ದೇವರಿಗೆ, ತಲೆಗೆ ಸಾಕಾಗುವಷ್ಟು ಹೂ ಸಿಗುತ್ತದೆ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಹರಿತವಾದ ಒಂದು ಗಿಡದ ಕತ್ತರಿ, ಅದನ್ನು ಒರೆಸಲು ಸ್ವಲ್ಪ ಸ್ಪಿರಿಟ್ ಅಥವಾ ಡೆಟಾಲ್. ಚೆನ್ನಾಗಿ ಕೊಳೆತ ಹಳೇ ಸಗಣಿ ಗೊಬ್ಬರ ಇಲ್ಲವೇ ಎರೆಗೊಬ್ಬರ. ಬೇವಿನ ಹಿಂಡಿ, ಮೂಳೆ ಪುಡಿ, ಕಡಲೆಕಾಯಿ ಹಿಂಡಿ ಅರ್ಧರ್ಧ ಕಿಲೋ. ಬೇವಿನ ಎಣ್ಣೆಯ ಸಣ್ಣ ಬಾಟಲಿ, ನೀರು ಚಿಮುಕಿಸುವ ಸ್ಪ್ರೇಯರ್. ಇವೆಲ್ಲ ಯಾವುದೇ ನರ್ಸರಿಯಲ್ಲಿ ಸಿಗುತ್ತವೆ. ಹೂ ಕಟ್ಟಲು ಬಾಳೆನಾರು ಇದ್ದರೆ ಚೆನ್ನ, ಇಲ್ಲದಿದ್ದರೆ ದಾರ.

1. ನಿಮ್ಮ ಮನೆಯಲ್ಲಿರುವುದು ಯಾವ ಮಲ್ಲಿಗೆ?

ಇದನ್ನು ತಿಳಿಯದೆ ಮುಂದೆ ಹೋದರೆ ಸುಮ್ನೆ ನಿರಾಶೆ. ನರ್ಸರಿಯವರು ಎಲ್ಲವನ್ನೂ 'ಮಲ್ಲಿಗೆ' ಅಂತಲೇ ಕೊಡುತ್ತಾರೆ.

ಅಗಲ ಎಲೆ, ದುಂಡಗಿನ ಮೊಗ್ಗು, ಸಂಜೆ ಅರಳುವ ಹೂವಾದರೆ ಅದು ದುಂಡುಮಲ್ಲಿಗೆ. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ. ವಸಂತ ಮತ್ತು ಬೇಸಿಗೆ ಇದರ ಕಾಲ. ಚೈತ್ರ ಹುಣ್ಣಿಮೆಗೆ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಹೊರಡುವ ಹೂವಿನ ಕರಗವನ್ನು ನೋಡಿದ್ದೀರಲ್ಲ, ಪೂರ್ತಿ ಮಲ್ಲಿಗೆಯ ಗೋಪುರ. ಆ ಹೊತ್ತಿಗೆ ಗಿಡಗಳೂ ಭರ್ತಿ ಹೂವಲ್ಲಿರುತ್ತವೆ.

ಗುಲಾಬಿಯ ಹಾಗೆ ಪದರ ಪದರವಾಗಿ ತುಂಬಿಕೊಂಡ ಹೂವಾದರೆ ಏಳು ಸುತ್ತಿನ ಮಲ್ಲಿಗೆ. ಇದು ನಿಧಾನ, ಹೂವೂ ಕಡಿಮೆ. ಎರಡೇ ಹೂ ಬಿಟ್ಟರೂ ಗಿಡಕ್ಕೆ ಕಾಯಿಲೆ ಅಂದುಕೊಳ್ಳಬೇಡಿ. ಮೊಗ್ಗಿನ ಹೊರಗೆ ಗುಲಾಬಿ ಛಾಯೆ, ಎಲೆ ಸಣ್ಣ ಸಣ್ಣ ಕಿರುಎಲೆಗಳಾಗಿ ಸೀಳಿದ್ದರೆ ಜಾಜಿ. ಅದರ ಸುಗ್ಗಿ ಮಳೆಗಾಲದ ಕಡೆಗೆ, ಯುಗಾದಿಗೆ ಹೂ ಕೇಳಿದರೆ ಕೊಡುವುದಿಲ್ಲ. ಕಂಪು ಇಲ್ಲದೆ ಚಳಿಗಾಲದಲ್ಲೂ ಬಿಡುವುದು ಕಾಕಡ.

ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಅಂದರೆ ಆ ಹೆಸರು ಆ ಸೀಮೆಯಲ್ಲಿ ಬೆಳೆದ ಹೂವಿಗೇ ಸಲ್ಲುತ್ತದೆ. ಅಲ್ಲಿಯ ಗಿಡ ತಂದು ಬೇರೆ ಊರಲ್ಲಿ ನೆಟ್ಟರೆ ಹೂ ಬರುತ್ತದೆ, ಆದರೆ ಅದೇ ಪರಿಮಳ ಬರಲೇಬೇಕು ಅಂತ ಹಟ ಬೇಡ. ಮಣ್ಣು, ಗಾಳಿ ಎಲ್ಲ ಸೇರಿ ಆ ಕಂಪು.

2. ಬಿಸಿಲು ಲೆಕ್ಕ ಹಾಕಿ

ದಿನಕ್ಕೆ 5ರಿಂದ 6 ಗಂಟೆ ನೇರ ಬಿಸಿಲು ಬೇಕು. 'ಬೆಳಕು ಚೆನ್ನಾಗಿದೆ' ಅನ್ನುವುದು ಬೇರೆ, ಬಿಸಿಲು ಬೇರೆ. ಒಂದು ರಜಾದಿನ ಬೆಳಿಗ್ಗೆಯಿಂದ ಗಂಟೆಗೊಮ್ಮೆ ನೋಡಿ. ಕುಂಡದ ಪಕ್ಕ ನಿಮ್ಮ ಕೈಯ ನೆರಳು ಗೆರೆ ಕೊರೆದ ಹಾಗೆ ಬಿದ್ದರೆ ಅದು ಬಿಸಿಲು.

ಪೂರ್ವದ ಬಾಲ್ಕನಿಯಲ್ಲಿ 4 ಗಂಟೆ ಸಿಕ್ಕರೂ ಒಂದಿಷ್ಟು ಹೂ ಕಾಣಬಹುದು. ಉತ್ತರದ ಬಾಲ್ಕನಿ, ಎದುರಿಗೆ ಇನ್ನೊಂದು ಅಪಾರ್ಟ್‌ಮೆಂಟ್ ಆದರೆ ಮಲ್ಲಿಗೆಯ ಆಸೆ ಬಿಟ್ಟು ಕನಕಾಂಬರ ಹಾಕಿ. ಅರೆನೆರಳಿನಲ್ಲೂ ಅದು ಬೇಜಾರಿಲ್ಲದೆ ಹೂ ಕೊಡುತ್ತದೆ.

ತಾರಸಿಯವರಿಗೆ ಒಂದು ಮಾತು. ಮಾರ್ಚ್, ಏಪ್ರಿಲ್‌ನಲ್ಲಿ ತಾರಸಿಯ ಕಾಂಕ್ರೀಟ್ ಸುಡುತ್ತದೆ. ಎಲೆಗೆ ಬಿಸಿಲು ಬೇಕು, ಬೇರಿಗೆ ಬೇಡ. ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿ. ಸುತ್ತ ಒದ್ದೆ ಗೋಣಿಚೀಲ ಸುತ್ತಿದರೆ ಇನ್ನೂ ಒಳ್ಳೆಯದು.

3. ಕುಂಡ, ಮಣ್ಣು

14ರಿಂದ 16 ಇಂಚಿನ ಕುಂಡ ಇರಲಿ, ತಳದಲ್ಲಿ ತೂತು ಇರಲೇಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಗೊಬ್ಬರ. ಇಷ್ಟೇ.

ನರ್ಸರಿಯಿಂದ ಮೊಗ್ಗು ತುಂಬಿದ ಗಿಡ ತಂದಿದ್ದೀರಿ, ಮನೆಗೆ ಬಂದ ಮೂರನೇ ದಿನ ಮೊಗ್ಗೆಲ್ಲ ಉದುರಿತು. ಇದು ತುಂಬಾ ಜನರ ದೂರು. ಗಿಡ ಸತ್ತಿಲ್ಲ, ಜಾಗ ಬದಲಾಗಿದ್ದಕ್ಕೆ ಹಾಗೆ ಮಾಡುತ್ತದೆ. ಒಂದು ವಾರ ಅರೆನೆರಳಲ್ಲಿಟ್ಟು ಆಮೇಲೆ ಕುಂಡಕ್ಕೆ ಹಾಕಿ. ಕವರ್ ಬಿಚ್ಚಿದಾಗ ಬೇರು ಚಕ್ಕುಲಿಯ ಹಾಗೆ ಸುತ್ತಿಕೊಂಡಿದ್ದರೆ ಬೆರಳಿಂದ ಮೆಲ್ಲಗೆ ಬಿಡಿಸಿ.

ಎಚ್ಚರಿಕೆ: ಕುಂಡ ಬದಲಿಸುವುದು ಮತ್ತು ಗಿಡ ಸವರುವುದು (ಕೊಂಬೆ ಕತ್ತರಿಸುವುದು) ಒಂದೇ ದಿನ ಬೇಡ. ನಡುವೆ 15 ದಿನವಾದರೂ ಇರಲಿ.

4. ಸವರುವುದು

ಕೊಂಬೆಗಳನ್ನು ಲೆಕ್ಕವಾಗಿ ಕತ್ತರಿಸಿ ಗಿಡವನ್ನು ಹೊಸದಾಗಿ ಚಿಗುರಿಸುವುದಕ್ಕೆ ಸವರುವುದು ಅನ್ನುತ್ತೇವೆ. ತೋಟದವರು ಚಾಟನಿ ಅನ್ನುತ್ತಾರೆ. ಎಲ್ಲರೂ ಹೆದರುವ ಹಂತ ಇದೇ. ಎರಡು ವರ್ಷ ಸಾಕಿದ ಗಿಡವನ್ನು ಮೊಂಡು ಮಾಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಆದರೂ ಮಾಡಲೇಬೇಕು.

ಯಾವಾಗ? ಸಂಕ್ರಾಂತಿಯ ಆಸುಪಾಸು ಒಳ್ಳೆಯದು. ಜನವರಿ ಮಧ್ಯದಲ್ಲಿ ಸವರಿದರೆ ಚಳಿ ಇಳಿಯುವಾಗ ಚಿಗುರು ಬಂದಿರುತ್ತದೆ, ಶಿವರಾತ್ರಿ ಕಳೆದು ಬಿಸಿಲು ಏರುವಾಗ ಮೊಗ್ಗು ಕಾಣುತ್ತದೆ. ಬೆಂಗಳೂರಿನಂಥ ತಂಪು ಊರಲ್ಲಿ ಒಂದೆರಡು ವಾರ ತಡ ಆಗಬಹುದು. ಈಗಾಗಲೇ ಶಿವರಾತ್ರಿ ಕಳೆದಿದೆಯಾ? ಪರವಾಗಿಲ್ಲ, ಈಗಲೇ ಮಾಡಿ, ಹೂ ಏಪ್ರಿಲ್, ಮೇ ಕಡೆಗೆ ಬರುತ್ತದೆ. ಯುಗಾದಿ ಕಳೆದ ಮೇಲೆ ಮಾತ್ರ ಪೂರ್ತಿ ಸವರಬೇಡಿ. ಎಲೆಯ ನೆರಳಿಲ್ಲದ ಕೊಂಬೆ ಆ ಬಿಸಿಲಿಗೆ ಸುಟ್ಟು ಕಪ್ಪಾಗುತ್ತದೆ. ಆಗ ತುದಿ ಕತ್ತರಿಸಿದರೆ ಸಾಕು.

ಹೇಗೆ?

ಮೊದಲು ಕೆಲವು ದಿನ ನೀರು ಕಡಿಮೆ ಮಾಡಿ. ಮೇಲಿನ ಎರಡು ಇಂಚು ಮಣ್ಣು ಒಣಗಿ, ಎಲೆಯ ಹೊಳಪು ಸ್ವಲ್ಪ ಇಳಿಯುವವರೆಗೆ. ಗಿಡ ಜೋತುಬೀಳುವ ತನಕ ಕಾಯಬಾರದು. ಮಲ್ಲಿಗೆ ಬೆಳೆಗಾರರು ಹೊಲದಲ್ಲೂ ಸವರುವ ಮುಂಚೆ ನೀರು ನಿಲ್ಲಿಸುತ್ತಾರೆ. ಗಿಡ ಬೆಳೆಯುವುದನ್ನು ನಿಲ್ಲಿಸಿ ಸ್ವಲ್ಪ ವಿಶ್ರಾಂತಿಗೆ ಹೋಗಲಿ ಅಂತ.

ಆಮೇಲೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಒಣಗಿದ್ದು, ಕಡ್ಡಿಯಂಥ ಬಡಕಲು ಕೊಂಬೆ, ಗಿಡದ ಒಳಗೇ ನುಗ್ಗಿ ಒಂದಕ್ಕೊಂದು ಉಜ್ಜುವ ಕೊಂಬೆ, ಇವನ್ನು ಬುಡದಿಂದಲೇ ತೆಗೆಯಿರಿ. ಉಳಿದ ಗಟ್ಟಿ ಕೊಂಬೆಗಳನ್ನು ಮಣ್ಣಿನಿಂದ ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ.

ಕತ್ತರಿ ಎಲ್ಲಿ ಇಡಬೇಕು ಅನ್ನುವುದನ್ನು ಹತ್ತಿರದಿಂದ ನೋಡಿ. ಮಲ್ಲಿಗೆಯ ಕೊಂಬೆಯಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ. ಆ ಜೋಡಿ ಹುಟ್ಟುವ ಜಾಗವೇ ಗೆಣ್ಣು. ಪ್ರತಿ ಎಲೆಯ ಕಂಕುಳಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆ ಕಾಣುತ್ತದೆ, ಅದು ಕಣ್ಣು. ನಾಳೆ ಕೊಂಬೆಯಾಗುವುದು ಅದೇ. ಗೆಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಒಂದು ಕೊಂಬೆ ಕತ್ತರಿಸಿದ ಜಾಗದಲ್ಲಿ ಎರಡು ಕೊಂಬೆ ಬರುತ್ತವೆ. ಎರಡು ಕೊಂಬೆ ಅಂದರೆ ಎರಡು ತುದಿ, ಎರಡು ತುದಿ ಅಂದರೆ ಎರಡು ಗೊಂಚಲು. ಸವರುವುದರ ಗುಟ್ಟು ಇಷ್ಟೇ.

ಕೊನೆಗೆ ಉಳಿದ ಹಳೇ ಎಲೆಗಳನ್ನೂ ಕೈಯಲ್ಲಿ ಕಿತ್ತುಬಿಡಿ. ಎಲೆಯನ್ನು ಕೆಳಮುಖವಾಗಿ ಜಗ್ಗಿದರೆ ತೊಗಟೆ ಸುಲಿಯುತ್ತದೆ, ಮೇಲ್ಮುಖವಾಗಿ ಎತ್ತಿ ಕೀಳಿ.

ಮೊದಲ ಸಲ ನಾನು ಸವರಿದಾಗ ಮನಸ್ಸು ಬಾರದೆ ಅರ್ಧ ಗಿಡ ಮಾತ್ರ ಕತ್ತರಿಸಿದ್ದೆ. ಆ ವರ್ಷ ಕತ್ತರಿಸಿದ ಅರ್ಧದಲ್ಲಿ ಹೂವೋ ಹೂವು, ಬಿಟ್ಟ ಅರ್ಧದಲ್ಲಿ ಎಲೆ. ನಿಮಗೂ ಧೈರ್ಯ ಸಾಲದಿದ್ದರೆ ಹಾಗೇ ಮಾಡಿ ನೋಡಿ, ಮುಂದಿನ ವರ್ಷ ಧೈರ್ಯ ತಾನೇ ಬರುತ್ತದೆ.

ಎಚ್ಚರಿಕೆ: ಒಂದು ವರ್ಷದೊಳಗಿನ ಎಳೇ ಗಿಡವನ್ನು ಹೀಗೆ ಸವರಬೇಡಿ. ತುದಿಯ ಒಂದು ಜೋಡಿ ಎಲೆಯನ್ನು ಉಗುರಿನಿಂದ ಚಿವುಟಿದರೆ ಸಾಕು, ಗಿಡ ಪೊದೆಯಾಗುತ್ತದೆ.

5. ಗೊಬ್ಬರ

ಸವರಿದ ದಿನವೇ ಮೇಲ್ಮಣ್ಣನ್ನು ಎರಡು ಇಂಚು ಕೆದಕಿ. ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಅರ್ಧ ಹಿಡಿ ಮೂಳೆ ಪುಡಿ ಕಲಸಿ, ಬುಡದಿಂದ ನಾಲ್ಕು ಬೆರಳು ದೂರ ಹಾಕಿ, ಮಣ್ಣು ಮುಚ್ಚಿ ನೀರು ಕೊಡಿ.

ಚಿಗುರು ಒಂದೆರಡು ಇಂಚು ಬಂದ ಮೇಲೆ ಕಡಲೆಕಾಯಿ ಹಿಂಡಿ ನೀರು. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ 3 ದಿನ ನೆನೆಹಾಕಿ. ವಾಸನೆ ಜೋರಾಗಿರುತ್ತದೆ, ಮುಚ್ಚಿಡಿ, ಅಡುಗೆಮನೆಯಿಂದ ದೂರ ಇರಲಿ. ಸೋಸಿದ ತಿಳಿಗೆ ಹತ್ತರಷ್ಟು ನೀರು ಸೇರಿಸಿ, ಕುಂಡಕ್ಕೆ ಅರ್ಧ ಲೀಟರಿನಂತೆ 15 ದಿನಕ್ಕೊಮ್ಮೆ ಕೊಡಿ. ಮೊಗ್ಗು ಕಂಡ ಮೇಲೆ ನಿಲ್ಲಿಸಿ. ಹಿಂಡಿಯಲ್ಲಿ ಸಾರಜನಕ ಜಾಸ್ತಿ. ಸಾರಜನಕ ಅಂದರೆ ಎಲೆ, ಕೊಂಬೆ ಬೆಳೆಸುವ ಪೋಷಕಾಂಶ. ಅದು ಅತಿಯಾದರೆ ಗಿಡ ಹೂವನ್ನು ಮರೆತು ಬಳ್ಳಿಯ ಹಾಗೆ ಉದ್ದುದ್ದ ಓಡುತ್ತದೆ. ಯೂರಿಯಾ ಹಾಕಿದವರ ಮನೆಯ ಗಿಡ ಹೀಗೇ ಇರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಬೋರ್‌ವೆಲ್‌ನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಸಾಮಾನ್ಯ. ಅನ್ನಭೇದಿ (ಫೆರಸ್ ಸಲ್ಫೇಟ್) ಒಂದು ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ತಿಂಗಳಿಗೊಮ್ಮೆ. ಗೋಡೆಗೆ, ಟೈಲ್ಸ್‌ಗೆ ತಾಗಿದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ. ಇಂಥ ಗಿಡಕ್ಕೆ ಒಲೆಯ ಬೂದಿ ಹಾಕಿದರೆ ಹಳದಿ ಇನ್ನೂ ಹೆಚ್ಚುತ್ತದೆ.

6. ನೀರು

ಮೊಗ್ಗು ಬರುವ ಕಾಲದಲ್ಲಿ ನೀರು ತಪ್ಪಬಾರದು. ಬಿಸಿಲು ಏರಿದ ಮೇಲೆ ತಾರಸಿಯ ಕುಂಡಕ್ಕೆ ದಿನಾ ಬೆಳಿಗ್ಗೆ ಬೇಕು, ಕೆಲವು ದಿನ ಸಂಜೆಯೂ ಬೇಕಾಗಬಹುದು. ಆದರೆ ಗಡಿಯಾರ ನೋಡಿ ಹಾಕಬೇಡಿ, ಬೆರಳು ಹಾಕಿ ನೋಡಿ. ಕೊಕೊಪೀಟ್ ಇರುವ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇಟ್ಟುಕೊಂಡಿರುತ್ತದೆ. ಎರಡನೇ ಗೆಣ್ಣಿನವರೆಗೆ ಬೆರಳು ಇಳಿಸಿ, ಅಲ್ಲೂ ಒಣಗಿದ್ದರೆ ತಳದಿಂದ ನೀರು ಹೊರಬರುವಷ್ಟು ಕೊಡಿ.

ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಮೂರು ವರ್ಷದ ಒಳ್ಳೇ ಗಿಡವೊಂದನ್ನು ನಾನು ಹೀಗೇ ಕಳೆದುಕೊಂಡೆ. ಎಲೆ ಬಾಡಿದ್ದು ಕಂಡು ನೀರು ಸಾಲದು ಅಂತ ಇನ್ನಷ್ಟು ಹಾಕಿದೆ. ಬೇರು ಕೊಳೆತರೂ ಎಲೆ ಬಾಡುತ್ತದೆ ಅಂತ ಆಮೇಲೆ ತಿಳಿಯಿತು.

7. ಹುಳು ಹುಪ್ಪಟೆ

ಮಲ್ಲಿಗೆಗೆ ಬರುವ ತೊಂದರೆಗಳಲ್ಲಿ ನಿಮಗೆ ಕಾಣಿಸುವುದು ಬಹುಶಃ ಎರಡೇ.

ಒಂದು, ದುಂಡುಮಲ್ಲಿಗೆಯ ಮೊಗ್ಗು ಬೆಳೆಯದೆ ನೇರಳೆ ಬಣ್ಣಕ್ಕೆ ತಿರುಗಿ ಉದುರುವುದು. ತೂತು ಇದ್ದರೆ ಮೊಗ್ಗು ಕೊರಕ ಹುಳು, ತೂತಿಲ್ಲದೆ ಬುಡ ಊದಿಕೊಂಡಿದ್ದರೆ ಸೊಳ್ಳೆಯಂಥ ಸಣ್ಣ ನೊಣದ ಮರಿ. ಎರಡಕ್ಕೂ ಮೊದಲ ಮದ್ದು ಒಂದೇ. ಅಂಥ ಮೊಗ್ಗನ್ನು ದಿನಾ ಕಿತ್ತು ಸೋಪಿನ ನೀರಿಗೆ ಹಾಕಿ. ಕುಂಡದ ಮಣ್ಣಿಗೆ ಬೀಳಿಸಬೇಡಿ. ಆ ನೊಣದ ಮರಿ ಮಣ್ಣಲ್ಲೇ ಕೋಶ ಕಟ್ಟಿಕೊಂಡು ಮತ್ತೆ ಮೇಲೆ ಬರುತ್ತದೆ.

ಇನ್ನೊಂದು ಜೇಡ ನುಸಿ. ಎಲೆಯ ಮೇಲೆ ಬೂದಿ ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ. ಬಿಸಿಲು, ಒಣಗಾಳಿ ಇದಕ್ಕೆ ಇಷ್ಟ. ಪೈಪಿನಿಂದ ಎಲೆಯ ಅಡಿಭಾಗಕ್ಕೆ ನೀರು ಚಿಮ್ಮಿಸಿ ತೊಳೆಯಿರಿ, ಮೂರು ನಾಲ್ಕು ದಿನ ಬಿಡದೆ. ಜಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ಸೋಪು ಇಲ್ಲದಿದ್ದರೆ ಎಣ್ಣೆ ನೀರಲ್ಲಿ ಬೆರೆಯುವುದಿಲ್ಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ನಾಳೆ ಕೀಳಬೇಕಾದ ಮೊಗ್ಗಿಗೆ ಹೊಡೆಯಬೇಡಿ, ಬೇವಿನ ಕಮಟು ಹೂವಿಗೆ ಹತ್ತಿಕೊಳ್ಳುತ್ತದೆ.

8. ಕೀಳುವುದು, ಕಟ್ಟುವುದು

ಇಷ್ಟೆಲ್ಲ ಮಾಡಿದ್ದು ಈ ಹೊತ್ತಿಗಾಗಿ. ಚಿಗುರಿನ ತುದಿಯನ್ನು ನೋಡಿ, ಸಾಮಾನ್ಯವಾಗಿ ಮೂರು ಮೊಗ್ಗಿನ ಗೊಂಚಲು. ನಡುವಿನದು ದೊಡ್ಡದು, ಅದೇ ಮೊದಲು ಅರಳುತ್ತದೆ. ಪಕ್ಕದ ಎರಡು ಇನ್ನೂ ಹಸಿರು, ಅವಕ್ಕೆ ಕೆಲವು ದಿನ ಬೇಕು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಗಿಡದ ಮುಂದೆ ನಿಂತರೆ ನಾಳೆಗೆ ಯಾವುದು, ನಾಡಿದ್ದಿಗೆ ಯಾವುದು ಅಂತ ಕಣ್ಣೇ ಹೇಳಲು ಶುರು ಮಾಡುತ್ತದೆ. ಈ ಎಣಿಕೆಯೇ ಒಂದು ಸುಖ, ಅಲ್ವಾ?

ಕೀಳುವುದು ಬೆಳಿಗ್ಗೆ, ಬಿಸಿಲು ಬರುವ ಮೊದಲು. ಹಸಿರು ಛಾಯೆ ಪೂರ್ತಿ ಹೋಗಿ ಹಾಲಿನ ಬಿಳುಪಾಗಿ, ಉಬ್ಬಿ, ಇನ್ನೂ ಬಾಯಿ ಬಿಡದ ಮೊಗ್ಗು ಆರಿಸಿ. ಅದು ಅದೇ ಸಂಜೆ ಅರಳುತ್ತದೆ. ಹಸಿರು ಉಳಿದ ಮೊಗ್ಗನ್ನು ಅವಸರದಲ್ಲಿ ಕಿತ್ತರೆ ಅರಳದೆ ಹಾಗೇ ಕಂದುತ್ತದೆ. ಎಳೆಯಬೇಡಿ. ತೊಟ್ಟಿನ ಬುಡಕ್ಕೆ ಹೆಬ್ಬೆರಳು, ತೋರುಬೆರಳು ಇಟ್ಟು ಮುರಿದರೆ ಪಕ್ಕದ ಮೊಗ್ಗು ಉಳಿಯುತ್ತದೆ.

ಕಟ್ಟಲು ಬಾಳೆನಾರನ್ನು ನೀರಲ್ಲಿ ನೆನೆಸಿ, ನೂಲಿನಷ್ಟು ಸಣ್ಣಗೆ ಸೀಳಿಕೊಳ್ಳಿ. ಎರಡು ಮೊಗ್ಗು ಬಲಕ್ಕೆ, ಎರಡು ಎಡಕ್ಕೆ, ತೊಟ್ಟುಗಳು ನಡುವಲ್ಲಿ ಕೂಡುವ ಹಾಗೆ ಎಡಗೈಯಲ್ಲಿ ಹಿಡಿಯಿರಿ. ನಾರನ್ನು ತೊಟ್ಟಿನ ಮೇಲೆ ಒಂದು ಸುತ್ತು ತಂದು, ಬೆರಳಲ್ಲಿ ಕುಣಿಕೆ ಮಾಡಿ ತೊಟ್ಟುಗಳ ಮೇಲಿಂದ ಇಳಿಸಿ ಎಳೆಯಿರಿ. ಬಿಗಿ ಇರಬೇಕು, ತೊಟ್ಟು ಕತ್ತರಿಸುವಷ್ಟು ಬೇಡ. ಮೊದಲ ಮೊಳ ವಕ್ರವಾಗಿಯೇ ಬರುತ್ತದೆ, ಮೂರನೇ ದಿನಕ್ಕೆ ಕೈ ಕೂರುತ್ತದೆ.

ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯನ್ನು ಬಾಳೆನಾರಿನಲ್ಲೇ ಕಟ್ಟುತ್ತಾರೆ. ಅಲ್ಲಿ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ನಮ್ಮ ಕುಂಡದ 30, 40 ಮೊಗ್ಗು ಕಟ್ಟುವಾಗ ದಿನಾ ಅಷ್ಟು ಹೂ ಕಟ್ಟುವ ಆ ಮನೆಯವರ ಬೆರಳುಗಳ ಮೇಲೆ ಗೌರವ ಮೂಡುತ್ತದೆ.

ಕಟ್ಟಿದ್ದನ್ನು ಬಾಳೆ ಎಲೆಯಲ್ಲಿ ಇಲ್ಲವೇ ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಫ್ರಿಜ್‌ನಲ್ಲಾದರೆ ಮುಚ್ಚಳದ ಡಬ್ಬಿಯೊಳಗೆ, ಇಲ್ಲದಿದ್ದರೆ ಹಾಲು, ಮೊಸರಿಗೆಲ್ಲ ಮಲ್ಲಿಗೆ ವಾಸನೆ. ಕೆಲವು ಮೊಗ್ಗುಗಳನ್ನು ಗಿಡದಲ್ಲೇ ಬಿಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆಗೆದಿಡಿ, ಮನೆಯೊಳಗೇ ಬರುತ್ತದೆ ಪರಿಮಳ.

9. ಎರಡನೇ ಸುತ್ತು

ಒಂದು ಗೊಂಚಲಿನ ಮೂರೂ ಹೂ ಮುಗಿದ ಕೂಡಲೇ ಆ ಚಿಗುರನ್ನು ಎರಡು ಜೋಡಿ ಎಲೆ ಕೆಳಗೆ ಕತ್ತರಿಸಿ. ಇದನ್ನು ಬಿಟ್ಟವರೇ ಜಾಸ್ತಿ. "ಮೊದಲು ಚೆನ್ನಾಗಿ ಬಿಟ್ಟಿತು, ಆಮೇಲೆ ನಿಂತೇಹೋಯ್ತು" ಅನ್ನುವವರು ಈ ಕೆಲಸ ಮಾಡಿರುವುದಿಲ್ಲ. ಕತ್ತರಿಸಿದ ಮೇಲೆ ಒಂದು ಹಿಡಿ ಎರೆಗೊಬ್ಬರ, ಒಂದು ಸಲ ಹಿಂಡಿ ನೀರು. ತಿಂಗಳು, ಒಂದೂವರೆ ತಿಂಗಳಲ್ಲಿ ಮತ್ತೆ ಮೊಗ್ಗು. ಹೀಗೆ ಮಳೆ ಹಿಡಿಯುವವರೆಗೆ ಎರಡು ಮೂರು ಸುತ್ತು ಹೂ ಕೀಳಬಹುದು.

ಮುಂಗಾರು ಶುರುವಾದ ಮೇಲೆ ಗಿಡ ಹೆಚ್ಚಿಸಿಕೊಳ್ಳಿ, ಗೆಳತಿಯರು ಕೇಳಿಯೇ ಕೇಳುತ್ತಾರೆ. ಬುಡದ ಹತ್ತಿರದ ಉದ್ದ ಕೊಂಬೆಯೊಂದನ್ನು ಬಗ್ಗಿಸಿ. ಮಣ್ಣಿಗೆ ತಾಗುವ ಗೆಣ್ಣಿನ ಅಡಿಯಲ್ಲಿ ತೊಗಟೆಯನ್ನು ಸ್ವಲ್ಪ ಕೆರೆದು, ಪಕ್ಕದಲ್ಲಿಟ್ಟ ಸಣ್ಣ ಕುಂಡದ ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲು ಇಡಿ. ತುದಿ ಮಾತ್ರ ಹೊರಗಿರಲಿ, ಮಣ್ಣು ಒಣಗದಿರಲಿ. ಎರಡು ಮೂರು ತಿಂಗಳಾದ ಮೇಲೆ ಮೆಲ್ಲಗೆ ಜಗ್ಗಿ ನೋಡಿ. ಬಿಗಿಯಾಗಿ ಹಿಡಿದುಕೊಂಡಿದ್ದರೆ ಬೇರು ಬಂದಿದೆ. ತಾಯಿ ಗಿಡದ ಕಡೆಯಿಂದ ಕತ್ತರಿಸಿ ಹತ್ತು ದಿನ ಅಲ್ಲೇ ನೆರಳಲ್ಲಿಟ್ಟು, ಆಮೇಲೆ ಕೊಡಿ. ಕೊಡುವಾಗ ಸಂಕ್ರಾಂತಿ ಸವರುವಿಕೆಯ ವಿಷಯವನ್ನೂ ಹೇಳಿ ಕೊಡಿ.